ಮಗುಚಿದ ಫೇಡರ್

"ಇನ್ಮೇಲೆ ನಾನು ಬರಲ್ಲ ಮೇಷ್ಟ್ರೇ. ಅದನ್ನ ಹೇಳಿ ಹೋಗೋಕೇ ಬಂದೆ."

ಹೇಳಿದವಳು ನಿಂತೇ ಇದ್ದಳು. ಹೋಟೆಲಿನ ಲಾಂಡ್ರಿಯಲ್ಲಿ ಬೆಳಗಿನಿಂದ ಚಾದರಗಳಿಗೆ ಇಸ್ತ್ರಿ ಹಾಕಿ ಬಂದ ಮೈ. ಕೂತರೆ ಏಳುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ದಣಿವನ್ನೂ ದೇವರೇ ಕೊಟ್ಟಿದ್ದಾನೆ. ಅದು ಬಂದಾಗ ಮನುಷ್ಯನಿಗೆ ಸುಳ್ಳು ಹೇಳುವಷ್ಟು ತ್ರಾಣವೂ ಉಳಿಯುವುದಿಲ್ಲ.

ತಟ್ಟೆ ಮೇಷ್ಟ್ರು ತಲೆ ಎತ್ತಿದರು. ಈ ಅಂಗಡಿಯಲ್ಲಿ ಹಳೆಯ ರೆಕಾರ್ಡುಗಳನ್ನು ಮಾರಿಕೊಂಡು, ವಾರದ ಕೊನೆಗೆ ಪಾರ್ಟಿಗಳಲ್ಲಿ ಡಿಜೆಯಾಗುವ ಅವರಿಗೆ ಬೀದಿಯವರು ಇಟ್ಟ ಹೆಸರು ಅದು.

"ಕೂತ್ಕೊಂಡು ಹೇಳಿ ಇಸ್ತ್ರಿಯವರೇ. ನಿಂತು ಹೇಳಿದ್ರೆ ಜಗಳದ ಹಾಗಿರುತ್ತೆ."

"ಜಗಳಾನೇ."

ನಿನ್ನೆ ಸಂಜೆ ಹೋಟೆಲಿನ ಕೆಲಸಗಾರರ ಪಾರ್ಟಿ. ಒಂದು ಹಾಡಿನ ಮಟ್ಟಿಗೆ ರೆಕಾರ್ಡು ನುಡಿಸಲು ತನಗೂ ಅವಕಾಶ ಕೊಡಿ ಎಂದು ಅವಳು ಮ್ಯಾನೇಜರನ್ನು ಬೇಡಿಕೊಂಡಿದ್ದಳು. ಮಡಿಸಿಟ್ಟ ಚಾದರಗಳ ರಾಶಿಯ ಹಿಂದೆ ಅವಳ ಮುಖವನ್ನು ಕಂಡವರೇ ಕಡಿಮೆ. ಈ ಕೈ ಬೇರೆ ಕೆಲಸವನ್ನೂ ಬಲ್ಲದು ಎಂದು ಒಮ್ಮೆ ಅವರು ನೋಡಲಿ, ಅಷ್ಟೇ ಆಸೆ.

"ಕೈ ಇಟ್ಟೆ. ಸದ್ದು ಬರಬೇಕಾದ ಕಡೆ ಮೌನ. ಮೌನ ಇರಬೇಕಾದ ಕಡೆ ಕರ್ರ್ ಅಂತ ಸದ್ದು. ಪಾತ್ರೆ ಉಜ್ಜೋ ಕೆಲಸಕ್ಕೂ ಬಂದ್ಬಿಡಮ್ಮ ಅಂದ್ರು ಅಡುಗೆಮನೆಯವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಚಾದರದ ರಾಶಿ ಹಿಂದೆ ಹೋಗಿ ಅತ್ತೆ."

ಅವಳು ಕಲಿತ ವಿದ್ಯೆಯ ಗುಟ್ಟೇ ಫೇಡರಿನಲ್ಲಿದೆ. ಒಂದು ಕೈ ರೆಕಾರ್ಡನ್ನು ಮುಂದಕ್ಕೂ ಹಿಂದಕ್ಕೂ ಉಜ್ಜುತ್ತದೆ. ಇನ್ನೊಂದು ಕೈ ಸದ್ದು ಬೆರೆಸುವ ಪೆಟ್ಟಿಗೆಯಾದ ಮಿಕ್ಸರಿನ ಮೇಲಿರುವ ಆ ಪುಟ್ಟ ಗುಬಟನ್ನು ಅತ್ತಿತ್ತ ಜಾರಿಸಿ, ಮುಂದೆ ಹೋಗುವ ಸದ್ದನ್ನು ಹೊರಗೆ ಬಿಟ್ಟು ಹಿಂದೆ ಬರುವ ಸದ್ದನ್ನು ಮುಚ್ಚುತ್ತದೆ. ಮನೆಯ ಜಗಳ ಬೀದಿಗೆ ಕೇಳದಂತೆ ಬಾಗಿಲು ಹಾಕಿಕೊಳ್ಳುವ ಹಾಗೆ. ನಿನ್ನೆ ಅವಳ ಬಾಗಿಲು ಜಗಳಕ್ಕೆ ತೆರೆದು ಹಾಡಿಗೆ ಮುಚ್ಚಿಕೊಂಡಿತ್ತು.

"ಅಲ್ಲಿನ ಡಿಜೆ ನೋಡಿ, ನಿಮಗೆ ಯಾರೋ ಉಲ್ಟಾ ಕಲಿಸಿದಾರೆ ಅಂದ್ಳು. ಬೇಕಂತಲೇ ಮಾಡಿದ್ರಾ? ನಗೋಕೆ ಒಬ್ಬಳು ಬೇಕಾಗಿತ್ತಾ ನಿಮಗೆ?"

ಮೇಷ್ಟ್ರು ಮಿಕ್ಸರನ್ನು ಅವಳ ಕಡೆ ತಿರುಗಿಸಿ, ಅದರ ಮುಂಬದಿಯಲ್ಲಿದ್ದ, ಅಕ್ಕಿಕಾಳಿನಷ್ಟೇ ದೊಡ್ಡ ಸ್ವಿಚ್ಚನ್ನು ತೋರಿಸಿದರು.

"ಇದನ್ನ ಒತ್ತಿದ್ರೆ ಫೇಡರ್ ಮಗುಚುತ್ತೆ. ತೆರೆಯೋ ಕಡೆ ಮುಚ್ಚುತ್ತೆ, ಮುಚ್ಚೋ ಕಡೆ ತೆರೆಯುತ್ತೆ. ನೀವು ಬಂದ ಮೊದಲನೇ ದಿನ ನಾನೇ ಒತ್ತಿದ್ದೆ."

"ಯಾಕೆ?"

"ನಿಮ್ಮ ಹೆಬ್ಬೆರಳು ಸುಟ್ಟಿತ್ತು."

ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಗಾಯ ಮಾಸಿಹೋಗಿತ್ತು, ಅವಳಿಗೇ ಮರೆತಿತ್ತು. ಲಾಂಡ್ರಿಯಲ್ಲಿ ಸುಟ್ಟ ಚಾದರವನ್ನು ಕೇಳುತ್ತಾರೆ, ಸುಟ್ಟ ಬೆರಳನ್ನು ಯಾರೂ ಕೇಳುವುದಿಲ್ಲ.

"ಟಕ್ ಅಂತ ಮುಚ್ಚೋ ಪೆಟ್ಟು ಹೆಬ್ಬೆರಳ ಮೇಲೇ ಬೀಳುತ್ತೆ. ಮಗುಚಿದ್ರೆ ಆ ಪೆಟ್ಟು ಉಳಿದ ಬೆರಳುಗಳಿಗೆ ಹೋಗುತ್ತೆ. ಗಾಯ ಆರೋವರೆಗೆ ಇರಲಿ ಅಂದ್ಕೊಂಡೆ."

"ಆರಿ ಎಷ್ಟೋ ಕಾಲ ಆಯ್ತಲ್ಲ."

"ಅಷ್ಟು ಹೊತ್ತಿಗೆ ನಿಮ್ಮ ಕೈ ಕೂತುಬಿಟ್ಟಿತ್ತು. ವಾಪಸ್ ತಿರುಗಿಸಿದ್ರೆ ಯಾಕೆ ಅಂತ ಹೇಳಬೇಕು. ಹೇಳಿದ್ರೆ..." ಅವರು ಒಂದು ರೆಕಾರ್ಡಿನ ಧೂಳು ಒರೆಸತೊಡಗಿದರು. ಅದರ ಮೇಲೆ ಧೂಳಿರಲಿಲ್ಲ. "ನಿಮ್ಮ ಬೆರಳನ್ನ ಅಷ್ಟು ಹೊತ್ತು ನೋಡ್ತಾ ಇದ್ದೆ ಅಂತ ಗೊತ್ತಾಗ್ತಿತ್ತು."

ಅವಳಿಗೆ ಈಗ ಇನ್ನೊಂದು ಹೊಳೆಯಿತು.

"ಮತ್ತೆ ನೀವು? ನನಗೆ ಇದರಲ್ಲೇ ತೋರಿಸಿಕೊಡ್ತಿದ್ರಲ್ಲ?"

"ನಾನೂ ಮಗುಚಿಕೊಂಡೇ ಕಲಿತೆ. ನೀವು ಬರೋಕೆ ಮುಂಚೆ ಕೂತು ಕೂತು ಕೈ ತಿರುಗಿಸ್ಕೊಂಡೆ."

"ಪಾರ್ಟಿಗಳಲ್ಲಿ?"

ಮೇಷ್ಟ್ರು ದಣಿದ ನಗೆ ನಕ್ಕರು. "ಅಲ್ಲಿನ ಮಿಕ್ಸರ್ ಮಗುಚಿರಲ್ಲವಲ್ಲ. ನನ್ನ ಕೈಯಿಂದಲೂ ಪಾತ್ರೆ ಉಜ್ಜೋ ಸದ್ದೇ ಬರ್ತಿದೆ. ಮುದುಕನ ಕೈ ಬಿದ್ದುಹೋಯ್ತು ಅಂತಾರೆ. ಮುಂದಿನ ವಾರಕ್ಕೆ ಬೇರೆಯವರಿಗೆ ಹೇಳಿದಾರಂತೆ."

ಅವಳು ಬೆಂಚಿನ ಮೇಲೆ ಕೂತಳು. ಕಾದ ಇಸ್ತ್ರಿಪೆಟ್ಟಿಗೆಗೆ ತಾಗಿದ ಹನಿಯಂತೆ ಸಿಟ್ಟು ಚುಂಯ್ ಎಂದು ಆರಿಹೋಯಿತು. ಅರ್ಧ ಆಯುಷ್ಯ ತಿದ್ದಿದ ಕೈಯನ್ನು ಈ ಮನುಷ್ಯ ಒಂದು ಹೆಬ್ಬೆರಳಿಗಾಗಿ ಕೆಡಿಸಿಕೊಂಡಿದ್ದ. ಕೆಡಿಸಿಕೊಂಡು ಸುಮ್ಮನೂ ಇದ್ದ.

"ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ನನಗೆ ಮಾತು ಬರಲ್ಲ."

"ಬರದೇ ಇದ್ರೆ ಇಷ್ಟು ಹೊತ್ತು ಮಾತಾಡಿದ್ದು ಯಾರು, ನಿಮ್ಮ ತಟ್ಟೆಗಳಾ?"

ಅವರು ತಲೆ ಎತ್ತಿ ಅವಳನ್ನು ನೋಡಿದರು. ಅವಳೂ ನೋಡಿದಳು. ಇಬ್ಬರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು ಇತ್ತು. ಅದಕ್ಕೇ ಇರಬೇಕು, ಇಬ್ಬರಿಗೂ ಕಣ್ಣು ತೆಗೆಯುವ ಅವಸರವಿರಲಿಲ್ಲ.

"ಸರಿ ಕಡೆಗೆ ತಿರುಗಿಸ್ಲಾ?" ಮೇಷ್ಟ್ರ ಬೆರಳು ಸ್ವಿಚ್ಚಿನ ಬಳಿ ನಿಂತಿತು. "ಹಾಗೆ ಕಲಿತ್ರೆ ಯಾರ ಮಿಕ್ಸರಲ್ಲಾದ್ರೂ ನುಡಿಸ್ತೀರಿ. ಇಲ್ಲಿಗೇ ಬರಬೇಕು ಅಂತೇನಿಲ್ಲ."

ಅವರ ಬೆರಳನ್ನು ಸರಿಸಿ ಅವಳೇ ಸ್ವಿಚ್ಚು ಒತ್ತಿದಳು.

"ಕಲಿಸಿ. ಎಲ್ಲಿ ಬೇಕಾದ್ರೂ ನುಡಿಸ್ತೀನಿ. ನುಡಿಸಿ ಇಲ್ಲಿಗೇ ಬರ್ತೀನಿ."

"ದಣಿದು ಬರ್ತೀರಿ."

"ಇನ್ನೇನು, ಕುಣಿದು ಬರ್ತೀನಾ?"

ಮೇಷ್ಟ್ರು ಬಾಗಿಲಾಚೆ ಅವಳು ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದರು. ದೊಡ್ಡ ಮಾತು ಹುಡುಕಿದರು, ಸಿಗಲಿಲ್ಲ.

"ಹಾಗಾದ್ರೆ ಚಪ್ಪಲಿ ಒಳಗೆ ಬಿಡಿ. ಹೊರಗಿದ್ರೆ ಯಾರೋ ಗಿರಾಕಿ ಬಂದಿದಾರೆ ಅನ್ನಿಸುತ್ತೆ."

"ನನಗೆ ಏಳೋಕಾಗಲ್ಲ."

ಅವರೇ ಎದ್ದು ಹೋದರು. ಹಿಮ್ಮಡಿ ಸವೆದ ಆ ಜೋಡಿಯನ್ನು ಎತ್ತಿ ತಂದು, ತಮ್ಮ ಚಪ್ಪಲಿಯ ಪಕ್ಕದಲ್ಲಿ ಇಟ್ಟರು. ತಿರುಗಿ ನೋಡಿದರೆ ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ಪಾಠ?" ಎಂದರು ಮೆಲ್ಲಗೆ.

"ನಾಳೆ," ಎಂದಳು. ಕಣ್ಣು ತೆರೆಯದೆಯೇ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.