ಒಂದೇ ಕೀಬೋರ್ಡಿನ ಮೇಲೆ ಇಬ್ಬರು

"ನೀನು ಹಾರಲೇ ಇಲ್ಲ!"

"ಹಾರಿದೆ. ಒತ್ತಿದೆ ನಾನು. ನೋಡು, ಬೆರಳು ಇನ್ನೂ ಕೀ ಮೇಲೇ ಇದೆ."

"ಹಾಗಾದ್ರೆ ಬೆರಳಿಗೆ ನಿದ್ದೆ ಹತ್ತಿರಬೇಕು."

ಪರದೆಯ ಮೇಲೆ ಕೆಂಪು ಟೋಪಿಯ ಪುಟ್ಟ ಮನುಷ್ಯ ದಿಮ್ಮಿಯಿಂದ ಜಾರಿ, ನೀಲಿ ನೀರಿನಲ್ಲಿ ಗುಳುಂ ಎಂದು ಮುಳುಗಿದ. ಅವನ ಟೋಪಿ ಮಾತ್ರ ತೇಲುತ್ತ ಹೋಯಿತು. ಹೆಲ್ಕಾ ಕುರ್ಚಿಗೆ ಒರಗಿ ಪಕ್ಕದವನನ್ನು ದುರುಗುಟ್ಟಿ ನೋಡಿದಳು. ಸಂಪ್ಸಾ ತನ್ನ ಬೆರಳನ್ನೇ, ಅದು ಯಾರದೋ ಎಂಬಂತೆ, ನೋಡುತ್ತಿದ್ದ.

ಟಂಪೆರೆ ನಗರದ ಒಂದು ಬಡಾವಣೆಯ ಗ್ರಂಥಾಲಯದಲ್ಲಿ ಪ್ರತಿ ಗುರುವಾರ ಸಂಜೆ ರಿಪೇರಿ ಮೇಜು ಹಾಕುತ್ತಾರೆ. ಟೋಸ್ಟರ್ ತರುವವರು ಟೋಸ್ಟರ್ ತರುತ್ತಾರೆ, ಕಿತ್ತ ಝಿಪ್ಪು ತರುವವರು ಝಿಪ್ಪು. ಕಂಪ್ಯೂಟರು ತಂದವರೆಲ್ಲ ಸಂಪ್ಸಾನ ಪಾಲು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವ ಮೇಷ್ಟ್ರು ಅವನು. ಸ್ವೆಟರಿನ ತೋಳಿನಲ್ಲಿ ಯಾವಾಗಲೂ ಒಂದಿಷ್ಟು ಮರದ ಪುಡಿ ಇರುತ್ತಿತ್ತು. ಹಳೆಯ ಆಟಗಳೆಂದರೆ ಪ್ರಾಣ. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿ ಕುಣಿಸುವ ಎಮ್ಯುಲೇಟರುಗಳ ಒಳಹೊರಗೆಲ್ಲ ಅವನಿಗೆ ಗೊತ್ತಿತ್ತು.

ಹೆಲ್ಕಾ ಟ್ರಾಮ್ ಓಡಿಸುವವಳು. ಚಳಿಗಾಲ ಇನ್ನೂ ಗಟ್ಟಿಯಾಗಿದ್ದಾಗ, ಡ್ಯೂಟಿ ಮುಗಿಸಿ ನೇರವಾಗಿ ಬಂದು, ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, "ಇದರಲ್ಲಿ ಒಂದು ಆಟ ಇದೆ. ಚಿಕ್ಕವಳಿದ್ದಾಗ ಆಡಿದ್ದು. ಇದು ಓಡ್ಬೇಕು. ಆಗಲ್ಲ ಅಂತ ಹೇಳೋದಾದ್ರೆ ಈಗಲೇ ಹೇಳು, ಬೇರೆಯವರನ್ನ ಹುಡುಕ್ತೀನಿ," ಎಂದಿದ್ದಳು.

"ಮೊದಲು ಕೂತ್ಕೋ," ಎಂದಿದ್ದ ಸಂಪ್ಸಾ. "ಕೋಟಾದ್ರೂ ಬಿಚ್ಚು."

ದಿಮ್ಮಿ ಸವಾರರ ಆಟ ಅದು. ಕಾಡಿನಲ್ಲಿ ಕಡಿದ ಮರವನ್ನು ನದಿಯಲ್ಲಿ ತೇಲಿಸಿ ತರುವ ಇಬ್ಬರು ಆಳುಗಳು ಒಂದೇ ದಿಮ್ಮಿಯ ಮೇಲೆ ನಿಂತು ರಭಸದ ನೀರು ದಾಟಬೇಕು. ಕೀಬೋರ್ಡಿನ ಎಡಗಡೆ ಒಬ್ಬರಿಗೆ, ಬಲಗಡೆ ಇನ್ನೊಬ್ಬರಿಗೆ. ಒಬ್ಬ ಬಿದ್ದರೆ ಇಬ್ಬರ ಕಥೆಯೂ ಮುಗಿದಂತೆ.

ಮೊದಲ ವಾರ ದಿಮ್ಮಿ ಬಂದೂಕಿನ ಗುಂಡಿನಂತೆ ಹಾರಿಹೋಯಿತು. ನದಿ ಕಣ್ಣಿಗೇ ಬೀಳಲಿಲ್ಲ. "ಹೊಸ ಯಂತ್ರಕ್ಕೆ ಅವಸರ ಜಾಸ್ತಿ, ಲಗಾಮು ಹಾಕ್ಬೇಕು," ಎಂದು ಸಂಪ್ಸಾ ಎಮ್ಯುಲೇಟರಿನ ವೇಗವನ್ನು ಇಳಿಸುತ್ತ ಬಂದ. ತೀರಾ ಇಳಿಸಿದಾಗ ದಿಮ್ಮಿ ಗಂಜಿಯಲ್ಲಿ ತೇಲುವಂತೆ ತೇಲಿತು. ಸರಿಯಾದ ವೇಗ ಸಿಕ್ಕಿದಾಗ ಹೆಲ್ಕಾ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಪಕ್ಕದ ಮೇಜಿನ ಓಯ್ವಾ ಎಂಬ ಮುದುಕ ಕಾಫಿ ಚೆಲ್ಲಿಕೊಂಡ. ಚದುರಂಗದ ಪ್ರೋಗ್ರಾಮು ಕೆಟ್ಟಿದೆಯೆಂದು ವಾರವಾರವೂ ಬರುವ ಓಯ್ವಾನಿಗೆ ಅದು ತನ್ನನ್ನು ಸೋಲಿಸುವುದೇ ಕಾಯಿಲೆಯಾಗಿ ಕಾಣುತ್ತಿತ್ತು.

ಮುಂದಿನ ವಾರ ಆಟ ಮೂಕವಾಯಿತು. ಹಳೆಯ ಸೌಂಡ್ ಕಾರ್ಡಿನ ಹೆಸರನ್ನು ಎಮ್ಯುಲೇಟರಿಗೆ ಸರಿಯಾಗಿ ಹೇಳಿಕೊಟ್ಟ ಮೇಲೆ ಅಕಾರ್ಡಿಯನ್ನಿನ ರಾಗ ಕೀರಲಾಗಿ ಹೊರಟಿತು. ಹೆಲ್ಕಾಳ ಕಣ್ಣು ತುಂಬಿದ್ದನ್ನು ಸಂಪ್ಸಾ ನೋಡಿದ. ನೋಡಿಲ್ಲವೆಂಬಂತೆ ಏಲಕ್ಕಿ ಬನ್ನಿನ ತಟ್ಟೆಯನ್ನು ಅವಳತ್ತ ಸರಿಸಿದ.

ಆಮೇಲೆ ಶುರುವಾದದ್ದು ಈ ಹಾರುವ ಜಗಳ. ನದಿಯ ನಡುವೆ ಬಂಡೆ ಬಂದಾಗ ಹೆಲ್ಕಾ ಎರಡು ಕೀ ಒತ್ತಿ ಹಿಡಿದು ದಿಮ್ಮಿಯನ್ನು ಓರೆ ಮಾಡಬೇಕು, ಅದೇ ಕ್ಷಣಕ್ಕೆ ಸಂಪ್ಸಾ ಜಿಗಿಯಬೇಕು. ಅವನು ಜಿಗಿಯುತ್ತಲೇ ಇರಲಿಲ್ಲ. ವಾರಗಟ್ಟಲೆ ಹೀಗೇ.

ಒಂದೇ ಪುಟ್ಟ ಕೀಬೋರ್ಡಿಗೆ ಎರಡು ಜೊತೆ ಕೈ ಬಿದ್ದರೆ ಮೊಣಕೈಗಳು ಎಲ್ಲಿಗೆ ಹೋಗಬೇಕು? ಅವಳದು ಅವನದಕ್ಕೆ ತಾಗುತ್ತಿತ್ತು. ಬಸ್ ಸ್ಟಾಪಿನಲ್ಲೂ ಮಾರು ದೂರ ಬಿಟ್ಟು ನಿಲ್ಲುವ ಜನ ಅವರು. ಆದರೂ ಇಬ್ಬರೂ ಕೈ ಹಿಂದೆಗೆಯುತ್ತಿರಲಿಲ್ಲ. ಆಟ ಹೊಸದಾಗಿ ಶುರುವಾಗುವ ಮೊದಲು ಪರದೆ ಒಂದು ಗಳಿಗೆ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಎರಡು ಮುಖ ಕಾಣುತ್ತಿದ್ದವು. ಹೆಲ್ಕಾ ಅವನ ಮುಖ ನೋಡುವಳು. ಅವನು ತನ್ನನ್ನೇ ನೋಡುತ್ತಿರುವುದು ಕಂಡು ಅವಳ ಕಿವಿ ಬಿಸಿಯಾಗುವುದು. ಅಷ್ಟರಲ್ಲಿ ನದಿ ಬಂದುಬಿಡುವುದು.

"ಭಾನುವಾರದೊಳಗೆ ಆಗ್ಬೇಕು ಕಣೋ," ಎಂದಳು ಅವಳು ಆ ಸಂಜೆ, ಟೋಪಿ ತೇಲಿಹೋದ ಮೇಲೆ. "ಯಾರೋ ಬರ್ತಿದಾರೆ."

"ಯಾರು?"

"ಒಬ್ಬರು."

ಸಂಪ್ಸಾ ಮುಂದೆ ಕೇಳಲಿಲ್ಲ. ಅವನ ಮುಖ ಸಪ್ಪಗಾಯಿತು. ಅವಳು ಅದನ್ನು ದಣಿವೆಂದುಕೊಂಡಳು. "ನಾಳೆ ಸಂಜೆ ಗ್ರಂಥಾಲಯ ತೆರೆದಿರುತ್ತೆ, ಬಾ," ಎಂದನಷ್ಟೆ.

ಬರುವವನು ಅವಳ ಅಣ್ಣ ಇಲ್ಮೊ. ವಾಸಾ ಎಂಬ ದೂರದ ಊರಿನಲ್ಲಿದ್ದ. ಅಪ್ಪ ತೀರಿಕೊಂಡಾಗ ಒಂದು ಹಳೆಯ ದೋಣಿ ಯಾರಿಗೆಂದು ಅಣ್ಣತಂಗಿಯರು ಜಗಳವಾಡಿದರು. ದೋಣಿ ದಡದಲ್ಲೇ ಕೊಳೆತು ಹೋಯಿತು, ಮಾತು ಮಾತ್ರ ಮರಳಿ ಬರಲಿಲ್ಲ. ಹೀಗಿರುವಾಗ ಹೊಸವರ್ಷದ ಹೊತ್ತಿಗೆ ಅವಳೇ ಹಟ ಹಿಡಿದು ಸಂದೇಶ ಕಳಿಸಿದ್ದಳು: 'ದಿಮ್ಮಿ ಆಟ ಸಿಕ್ಕಿದೆ. ಚೆನ್ನಾಗಿ ಓಡುತ್ತೆ. ಕೊನೆಯ ಜಲಪಾತ ನಾವು ದಾಟಲೇ ಇಲ್ಲವಲ್ಲ, ಬಾ.' ಓಡುತ್ತೆ ಎಂಬುದು ಹಸಿ ಸುಳ್ಳು. ಬಹಳ ದಿನಗಳ ಮೇಲೆ ಉತ್ತರ ಬಂತು: 'ಭಾನುವಾರ ಆ ಕಡೆ ಕೆಲಸ ಇದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಬರ್ತೀನಿ.'

ಬಂದವನೆದುರು ಆಟ ಮುಳುಗಿದರೆ ಇಬ್ಬರೂ ಕಾಫಿ ಲೋಟ ನೋಡುತ್ತ ಕೂರಬೇಕು. ಮಾತು ತಾನಾಗಿ ಹುಟ್ಟುವ ಮನೆತನವಲ್ಲ ಅವರದು. ಆಮೇಲೆ ಅವನು ಇನ್ನೊಮ್ಮೆ ಬರುವವನೂ ಅಲ್ಲ.

ಹೆಲ್ಕಾಳದು ಉಡದ ಪಟ್ಟು. ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಎಡಗೈಯಲ್ಲಿ ತನ್ನವನನ್ನೂ ಬಲಗೈಯಲ್ಲಿ ಸಂಪ್ಸಾನವನನ್ನೂ ಆಡಿಸತೊಡಗಿದಳು. ಕೆಂಪು ಟೋಪಿಯವನು ಅವಳ ಕೈಯಲ್ಲೂ ಮುಳುಗಿದ. ಅವಳು ಒತ್ತಿದ್ದಳು. ಖಂಡಿತ ಒತ್ತಿದ್ದಳು!

ಆಟ ಮುಚ್ಚಿ ಖಾಲಿ ಪುಟವೊಂದನ್ನು ತೆರೆದಳು. ತನ್ನ ಎರಡು ಕೀಗಳನ್ನು ಒತ್ತಿ ಹಿಡಿದು, ಅವನ ಜಿಗಿಯುವ ಅಕ್ಷರ ಒತ್ತಿದಳು. ಪುಟದಲ್ಲಿ ಮೂಡಲಿಲ್ಲ. ತನ್ನದನ್ನು ಬಿಟ್ಟು ಒತ್ತಿದಳು. ಮೂಡಿತು. ಮತ್ತೆ ಹಿಡಿದಳು. ಮಾಯ.

ಎಮ್ಯುಲೇಟರಿನ ತಪ್ಪಲ್ಲ, ಆಟದ ತಪ್ಪಲ್ಲ, ಸಂಪ್ಸಾನ ಬೆರಳಿನ ತಪ್ಪೂ ಅಲ್ಲ. ಒಟ್ಟಿಗೆ ಮೂರು ಕೀ ಬಿದ್ದರೆ ಈ ಅಗ್ಗದ ಕೀಬೋರ್ಡಿಗೆ ಮೂರನೆಯದು ಕೇಳಿಸುವುದೇ ಇಲ್ಲ.

ಮರುದಿನ ಸಂಜೆ ಗ್ರಂಥಾಲಯಕ್ಕೆ ಓಡುತ್ತಲೇ ಬಂದಳು. ಬೂಟಿನ ಹಿಮ ಕೊಡವಲೂ ಪುರುಸೊತ್ತಿಲ್ಲ.

"ಸಿಕ್ತು! ಕೀಬೋರ್ಡು ಕಣೋ! ನಾನು ಎರಡು ಹಿಡಿದ್ರೆ ನಿಂದು ಒಳಗೇ ಹೋಗಲ್ಲ. ನೀನು ಪಾಪ ಒತ್ತುತ್ತಾನೇ ಇದ್ದೆ, ನಾನು ಬಯ್ತಾನೇ ಇದ್ದೆ!"

"ಹೂಂ," ಎಂದ ಸಂಪ್ಸಾ.

ಹೆಲ್ಕಾ ಕೋಟಿನ ಗುಂಡಿಯ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. "ನಿನಗೆ ಆಶ್ಚರ್ಯವೇ ಆಗ್ಲಿಲ್ವಲ್ಲ."

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. ಬಗ್ಗಿ ತನ್ನ ಚೀಲದ ಬಾಯಿ ತೆರೆದು, ಒಳಗಿನಿಂದ ಇನ್ನೊಂದು ಕೀಬೋರ್ಡ್ ತೆಗೆದು ಅವಳ ಮುಂದಿಟ್ಟ. ವೈರು ನೀಟಾಗಿ ಸುತ್ತಿತ್ತು.

"ಇದನ್ನೂ ಚುಚ್ಚಿದ್ರೆ ಸರಿಹೋಗುತ್ತೆ. ಒಬ್ಬೊಬ್ಬರಿಗೆ ಒಂದೊಂದು."

"ಇದು ಯಾವಾಗಿಂದ ಚೀಲದಲ್ಲಿದೆ?"

"ಮೂರು ವಾರ ಆಯ್ತೇನೋ."

"ಗೊತ್ತಿದ್ದೂ ಸುಮ್ನಿದ್ಯಾ?"

"ಪ್ರತಿ ವಾರ ತೆಗೀಬೇಕು ಅಂತಲೇ ಬರ್ತಿದ್ದೆ," ಎಂದ ಅವನು. ಉದ್ದ ಮಾತು ಅವನಿಗೆ ಅಭ್ಯಾಸವಿಲ್ಲ. ಒಂದೊಂದು ಪದವನ್ನೂ ಉಳಿಯಿಂದ ಕೆತ್ತಿ ತೆಗೆಯುವಂತೆ ತೆಗೆದ. "ಇದನ್ನ ಹಾಕಿದ್ರೆ ನೀನು ಮೇಜಿನ ಆಚೆ ಕೂರ್ತೀಯ. ಆಟ ಓಡುತ್ತೆ. ಓಡಿದ್ಮೇಲೆ ನೀನ್ಯಾಕೆ ಬರ್ತೀಯ? ನೀನು ನನ್ನ ಪಕ್ಕ ಕೂತು ಬಯ್ಯೋದು... ನನಗೆ ಅದು ಬೇಕಾಗಿತ್ತು, ಹೆಲ್ಕಾ."

ಯಾವ ಹೆಣ್ಣಿಗಾದರೂ ಎದೆ ಹಗುರಾಗುವ ಮಾತು. ಹೆಲ್ಕಾಳ ಎದೆಯೂ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಗೆ ಅಣ್ಣನ ನೆನಪಾಯಿತು.

"ಭಾನುವಾರ ಬರೋದು ನನ್ನಣ್ಣ," ಎಂದಳು. "ಅಪ್ಪ ಹೋದಮೇಲೆ ನನ್ಹತ್ರ ಮಾತಾಡದೇ ಇರೋ ಅಣ್ಣ. ಈ ಆಟ ಒಂದೇ ನನ್ನ ಕೈಲಿರೋದು. ನಿನ್ನೆ ರಾತ್ರಿ ನನಗೇ ಹೊಳೀದೇ ಇದ್ದಿದ್ರೆ?"

ಸಂಪ್ಸಾನ ಮುಖ ಬಿಳಿಚಿತು. "ನಾನು ಬೇರೆ ಯಾರೋ ಅಂದ್ಕೊಂಡೆ. ಇವತ್ತು ಕೊಡೋಣ ಅಂತಲೇ..."

"ಕೇಳಬಹುದಿತ್ತಲ್ಲ!"

"ನೀನೂ ಹೇಳಬಹುದಿತ್ತು."

ನಿಜವೇ. ಆದರೆ ಸಿಟ್ಟಿನಲ್ಲಿರುವಾಗ ಎದುರಿನವರ ನಿಜ ಯಾರಿಗೆ ಬೇಕು! ಅವಳು ಕೀಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಇನ್ಮೇಲೆ ಗುರುವಾರ ನನ್ನ ಕಾಯ್ಬೇಡ," ಎಂದು ಹೊರಟೇಬಿಟ್ಟಳು.

ಭಾನುವಾರ ಇಲ್ಮೊ ಬಂದ. ಬಾಗಿಲಲ್ಲಿ ಶೂ ಬಿಚ್ಚಿ, "ಕೂದಲು ಕತ್ತರಿಸಿದೀಯ," ಎಂದ. "ನಿನ್ನದು ಉದುರಿದೆ," ಎಂದಳು ಹೆಲ್ಕಾ. ಇಬ್ಬರೂ ಬೇಗ ಬೇಗ ಆಟಕ್ಕೆ ಕೂತರು.

ಎರಡು ಕೀಬೋರ್ಡು, ಇಬ್ಬರು ಸವಾರರು. ಬಂಡೆ ಬಂತು. ಅವಳು ಓರೆ ಮಾಡಿದಳು, ಅವನು ಜಿಗಿದ. ಕೆಂಪು ಟೋಪಿ ಬಂಡೆಯ ಮೇಲಿಂದ ಹಾರಿ ದಿಮ್ಮಿಗೇ ಮರಳಿ ಬಿತ್ತು. ಇಲ್ಮೊ ತನಗೇ ತಿಳಿಯದಂತೆ "ಹೋ!" ಎಂದು ಕೂಗಿದ. ಚಿಕ್ಕಂದಿನದೇ ಕೂಗು.

ಸುತ್ತಿನ ಮೇಲೆ ಸುತ್ತು ದಾಟಿ ಕೊನೆಯ ಜಲಪಾತ ಬಂತು. ಅಲ್ಲಿ ಬಲಗಡೆಯವನು ಕೊಕ್ಕೆಕೋಲಿನಿಂದ ಮತ್ತೆ ಮತ್ತೆ ತಿವಿಯಬೇಕು. ಕೋಲಿಗೆ ಶಿಫ್ಟ್ ಕೀ. ಇಲ್ಮೊ ಟಪಟಪನೆ ಒತ್ತಿದ. ಟಣ್ ಎಂದು ಸದ್ದಾಗಿ, ಪರದೆಯ ನಡುವೆ ಬಿಳಿಯ ಪೆಟ್ಟಿಗೆಯೊಂದು ತೆರೆದು ಕಂಪ್ಯೂಟರು ಏನೋ ಕೇಳಿತು. ಹಿಂದೆ ನದಿ ಹರಿಯುತ್ತಲೇ ಇತ್ತು. ಇಬ್ಬರೂ ಮುಳುಗಿದರು.

ಮತ್ತೆ ಆಡಿದರು. ಅದೇ ಜಾಗ, ಅದೇ ಪೆಟ್ಟಿಗೆ.

ಇಲ್ಮೊ ಗಡಿಯಾರ ನೋಡಿದ. "ಬಿಡು ಹೆಲ್ಕಾ. ಹಳೇದು ಹಳೇದೇ."

"ಬಿಡಲ್ಲ," ಎಂದಳು ಹೆಲ್ಕಾ. ಫೋನ್ ಕೈಗೆತ್ತಿಕೊಂಡಳು. ಕಾಯಬೇಡವೆಂದು ಮೊನ್ನೆ ತಾನೇ ಹೇಳಿ ಬಂದಿದ್ದಳು. ಆದರೂ ಸಂಪ್ಸಾನ ನಂಬರು ಒತ್ತಿದಳು.

ಒಂದೇ ರಿಂಗಿಗೆ ಸಂಪ್ಸಾನ ದನಿ ಬಂತು. "ಹೇಳು."

"ಕೋಲು ತಿವಿದ್ರೆ ಬಿಳಿ ಪೆಟ್ಟಿಗೆ ಬರುತ್ತೆ."

"ಶಿಫ್ಟಾ? ಐದು ಸಲ ಬಿಡದೆ ಒತ್ತಿದ್ರೆ, ಕೈ ಸಾಲದವರಿಗೆ ನೆರವು ಬೇಕೇನೋ ಅಂತ ಕಂಪ್ಯೂಟರ್ರೇ ಕೇಳುತ್ತೆ. ನಾವು ಅಲ್ಲೀವರೆಗೂ ಹೋಗಿರ್ಲೇ ಇಲ್ಲ, ಅದಕ್ಕೇ ನಾನು ನೋಡಿರ್ಲಿಲ್ಲ. ಸೆಟ್ಟಿಂಗ್ಸ್ ತೆಗಿ, ಕೀಬೋರ್ಡ್ ಅಂತಿದೆ ನೋಡು... ಅದನ್ನ ಆಫ್ ಮಾಡು. ಆಯ್ತಾ?"

"ಆಯ್ತು."

"ಅಣ್ಣ ಇದಾರಾ?"

"ಇದಾನೆ."

"ಹಾಗಾದ್ರೆ ನನ್ಹತ್ರ ಏನ್ ಮಾತು, ಆಡು ಹೋಗು." ಫೋನ್ ಇಟ್ಟುಬಿಟ್ಟ.

ಇಲ್ಮೊ ಹುಬ್ಬೇರಿಸಿದ. "ಯಾರೇ ಇವನು? ಫೋನನ್ನ ಅಂಗೈಲೇ ಇಟ್ಕೊಂಡು ಕೂತಿದ್ದ ಹಾಗಿದೆ."

"ನದಿ ನೋಡೋ," ಎಂದಳು ಹೆಲ್ಕಾ.

ಮೂರನೆಯ ಸಲಕ್ಕೆ ದಿಮ್ಮಿ ಜಲಪಾತದ ತುದಿಯಲ್ಲಿ ವಾಲಿತು, ಕೋಲು ತಿವಿಯಿತು, ಇಬ್ಬರು ಪುಟ್ಟ ಮನುಷ್ಯರು ನೊರೆಯೊಳಗೆ ಮಾಯವಾದರು. ನೊರೆ ಕರಗಿದಾಗ ಇಬ್ಬರೂ ದಿಮ್ಮಿಯ ಮೇಲೇ ಇದ್ದರು. ಮುಂದೆ ಅಗಲವಾದ, ಅಲೆಯಿಲ್ಲದ ಕೆರೆ. ಅಷ್ಟೇ. ಬಹುಮಾನವಿಲ್ಲ, ಬಾಜಾಬಜಂತ್ರಿಯಿಲ್ಲ.

ಇಲ್ಮೊ ಆ ಕೆರೆ ನೋಡಿದ. "ದೋಣಿ ನೀನೇ ಇಟ್ಕೋಬಹುದಿತ್ತು," ಎಂದ.

"ನನಗೆ ಬೇಕಾಗಿರಲೇ ಇಲ್ಲ. ನಿನಗೆ ಸಿಗಬಾರದು ಅಂತ ಇತ್ತು."

ಅವನು ಹೊಟ್ಟೆ ಹಿಡಿದು ನಕ್ಕ. ಸ್ವಲ್ಪ ಹೊತ್ತಿಗೆಂದು ಬಂದವನು ಕಪ್ಪು ಸಾಸೇಜು, ಲಿಂಗನ್ ಎಂಬ ಹುಳಿ ಕಾಡುಹಣ್ಣಿನ ಜಾಮು ತಿಂದು ಕತ್ತಲಾದ ಮೇಲೆ ಎದ್ದ. ಶೂ ಹಾಕುತ್ತ, "ಬೇಸಿಗೆಗೆ ಮಕ್ಕಳನ್ನೂ ಕರ್ಕೊಂಡ್ ಬರ್ತೀನಿ," ಎಂದ. "ಆ ಫೋನಿನವನು ಆಗ ಇರ್ತಾನಾ?"

"ನೋಡ್ಬೇಕು," ಎಂದಳು ಹೆಲ್ಕಾ.

ಗುರುವಾರ ಅವಳು ಗ್ರಂಥಾಲಯಕ್ಕೆ ಬರಿಗೈಯಲ್ಲಿ ಹೋದಳು. ಸಂಪ್ಸಾ ಓಯ್ವಾನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಅವಳನ್ನು ಕಂಡು ಅರ್ಧ ಎದ್ದ. ಬರಿಗೈ ನೋಡಿ ಮತ್ತೆ ಕೂತ.

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ಜಲಪಾತ ದಾಟಿದ್ವಿ. ಅಣ್ಣ ಬೇಸಿಗೆಗೆ ಮತ್ತೆ ಬರ್ತಾನೆ."

"ಒಳ್ಳೇದಾಯ್ತು." ಅವನ ಮುಖ ನಿಜಕ್ಕೂ ಅರಳಿತು. "ಹೆಲ್ಕಾ, ನಾನು ಮಾಡಿದ್ದು ತಪ್ಪು."

"ತಪ್ಪೇ. ಸಿಟ್ಟು ಇನ್ನೂ ಒಂಚೂರಿದೆ." ಅವಳು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು. ಅವನ ತೋಳಿನಲ್ಲಿ ಮರದ ಪುಡಿ ಇತ್ತು; ಎರಡು ಬೆರಳಿನಿಂದ ಕೊಡವಿದಳು. "ಆದ್ರೆ ನೀನು ಒಂದು ಮಾತು ಹೇಳಿದೆ. ನಾನು ಅದಕ್ಕೆ ಉತ್ತರ ಕೊಡದೇ ಎದ್ದು ಹೋದೆ. ಕೇಳಿಸ್ಕೋ, ಎರಡನೇ ಸಲ ಹೇಳೋಕೆ ನನ್ನ ಕೈಲಾಗಲ್ಲ. ಆಟ ಓಡಿದ ಮೇಲೂ ನಾನು ಬರ್ತೀನಿ. ನಿನಗೋಸ್ಕರ ಬರ್ತೀನಿ. ನಿನಗೆ ಬೇಡ ಅನ್ನಿಸಿದ್ರೆ ಈಗಲೇ ಹೇಳು, ಮುಂದಿನ ಟ್ರಾಮಿಗೆ ಮನೆಗೆ ಹೋಗ್ತೀನಿ."

ಸಂಪ್ಸಾ ಗಾಬರಿಯಲ್ಲಿ ಎದುರಿಗಿದ್ದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಬಿಟ್ಟ.

"ಅಯ್ಯೋ, ಇವತ್ತು ಗೆಲ್ತಾ ಇದ್ದೆ ಕಣೋ!" ಎಂದು ಓಯ್ವಾ ಕಿರುಚಿದ. ಆಮೇಲೆ ಇಬ್ಬರನ್ನೂ ನೋಡಿ, "ಪರವಾಗಿಲ್ಲ. ಉತ್ತರ ಕೊಡೋ ಮಾರಾಯ, ಆ ಹುಡುಗಿ ಉಸಿರು ಬಿಗಿಹಿಡಿದಿದಾಳೆ."

ಸಂಪ್ಸಾ ಎದ್ದು ಗೂಟದ ಮೇಲಿದ್ದ ಕೋಟು ತೆಗೆದುಕೊಂಡ. ಒಂದು ತೋಳು ಹಾಕಿಕೊಂಡು, ಇನ್ನೊಂದು ತೋಳು ಸಿಗದೆ ತಡವರಿಸಿದ. ಹೆಲ್ಕಾ ಹಿಡಿದುಕೊಟ್ಟಳು. ಇಬ್ಬರೂ ಕರಗಿದ ಹಿಮದ ರಾಡಿಯಲ್ಲಿ ನಿಲ್ದಾಣದವರೆಗೆ ನಡೆದರು. ದೀಪ ಹೊತ್ತಿಸಿಕೊಂಡು ಕೆಂಪು ಟ್ರಾಮ್ ಬಂತು.

"ಇದು ನನ್ನ ಮನೆ ಕಡೆಗೆ," ಎಂದಳು ಹೆಲ್ಕಾ. "ನಿನ್ನದು ಎದುರಿನ ದಿಕ್ಕು ಅಲ್ವಾ?"

"ಹೌದು," ಎಂದ ಸಂಪ್ಸಾ. ಅವಳಿಗಿಂತ ಮೊದಲು ಹತ್ತಿ, ಕೈ ಚಾಚಿದ.