ಡಚ್ ಅಜ್ಜಿಯ ಅವರೆಕಾಯಿ

೨೦೨೫ರ ನವೆಂಬರ್ ಹತ್ತು, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಡ್ಯಾನ್‌ವಿಲ್ ಪೊಲೀಸ್ ಠಾಣೆಗೆ ಬಂದ ದ್ವಾರಕಾನಾಥರು ಕುರ್ಚಿಯಲ್ಲಿ ಕೂರುವ ಮೊದಲೇ ಎಫ್‌ಐಆರ್ ಕೇಳಿದರು.

“ಇಲ್ಲಿ ಎಫ್‌ಐಆರ್ ಇಲ್ಲ ಸಾರ್. ರಿಪೋರ್ಟ್ ಬರೀತೀವಿ,” ಎಂದರು ಡಿಟೆಕ್ಟಿವ್ ಶಿವಪ್ರಕಾಶ್.

“ಪಂಚನಾಮೆ?”

“ಅದೂ ಇಲ್ಲ. ಏನು ಹೋಗಿದೆ ಹೇಳಿ.”

ದ್ವಾರಕಾನಾಥರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗ್ಯಾಲರಿ ಸ್ಥಾಪಿಸಿ ಮೂವತ್ತು ವರ್ಷ ನಡೆಸಿದವರು. ತಮಗೆಂದೇ ಕೂಡಿಟ್ಟುಕೊಂಡ ಹತ್ತೊಂಬತ್ತು ಡಚ್ ವಾಸ್ತವವಾದಿ ಚಿತ್ರಗಳು ಅವರ ಮನೆಯಲ್ಲಿದ್ದವು. ಭಾನುವಾರಗಳಂದು ಅತಿಥಿಗಳನ್ನು ಕರೆದು ತಾವೇ ವಿವರಿಸುತ್ತಿದ್ದರು. ಅವುಗಳಲ್ಲೊಂದು, ಬಿಳಿ ಟೋಪಿಯ ಮುದುಕಿ ಬಟಾಣಿ ಸುಲಿಯುವ ಚಿತ್ರ, ಕಾಣೆಯಾಗಿತ್ತು. ಅದರ ಚೌಕಟ್ಟಿನಲ್ಲಿ ಬೇರೊಬ್ಬ ಮುದುಕಿ ಕುಳಿತಿದ್ದಳು.

“ಯಾವಾಗ ಗೊತ್ತಾಯ್ತು?”

“ನಿನ್ನೆ.”

“ಬದಲಾಗಿದ್ದು?”

ದ್ವಾರಕಾನಾಥರು ಕೆಮ್ಮಿದರು. “ಅದನ್ನ ನೀವು ಕಂಡುಹಿಡೀಬೇಕು.”

ಹತ್ತು ನಲವತ್ತಕ್ಕೆ ಅವರ ಮನೆಯಲ್ಲಿ ಸ್ಥಳ ಪರಿಶೀಲನೆ. ಜೊತೆಗೆ ಆಫೀಸರ್ ಲಾಸ್ಯಾ. ಫ್ರೀಮಾಂಟಿನಲ್ಲಿ ಹುಟ್ಟಿದವಳು, ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ. ಚೌಕಟ್ಟಿನಲ್ಲಿದ್ದುದು ಕ್ಯಾನ್ವಾಸಿನ ಮೇಲೆ ಮುದ್ರಿಸಿ ವಾರ್ನಿಶ್ ಹಚ್ಚಿದ ಫೋಟೋ. ತಲೆಯ ಮೇಲೆ ಬಿಳಿ ಸೆರಗು, ಮಡಿಲಲ್ಲಿ ಮೊರ, ಹಿಂದೆ ಮರದ ಬೇಲಿ, ಮಂಕು ಬೆಳಕು.

“ಇಟ್ಸ್ ಆಕ್ಚುಲಿ ಪ್ರೆಟಿ ಗುಡ್,” ಎಂದಳು ಲಾಸ್ಯಾ. ದ್ವಾರಕಾನಾಥರು ಅವಳನ್ನು ದುರುಗುಟ್ಟಿ ನೋಡಿದರು.

ಚಿತ್ರ ಬದಲಾದದ್ದನ್ನು ಮೊದಲು ಗುರುತಿಸಿದ್ದು ತನ್ನ ಮಗಳ ಮನೆಗೆ ಧಾರವಾಡದಿಂದ ಬಂದಿದ್ದ ಅವರ ಬೀಗಿತ್ತಿ ನೀಲವ್ವ.

“ಏನು ನೋಡಿದ್ರಿ ಅಮ್ಮ?”

“ಬೀಗರು ಅರ್ಧಾ ತಾಸು ಹೇಳಾಕತ್ತಿದ್ರು, ಡಚ್ ಬೆಳಕು ಅಂತ, ಡಚ್ ಸುಕ್ಕು ಅಂತ. ಹತ್ರ ಹೋಗಿ ನೋಡ್ತೀನಿ, ಮೊರದಾಗ ಅವರಿಕಾಯಿ! ಡಚ್ಚರೂ ಅವರಿಕಾಯಿ ಸುಲೀತಾರೇನ್ರಿ ಅಂದೆ.”

“ಆಮೇಲೆ?”

“ಹದಿನಾಲ್ಕು ಮಂದಿ ಬಗ್ಗಿ ಮೊರ ನೋಡಿದ್ರು. ಒಬ್ಬಾಕಿ ನಕ್ಕಳು.”

ದ್ವಾರಕಾನಾಥರು ಶಿವಪ್ರಕಾಶರನ್ನು ಪಕ್ಕಕ್ಕೆ ಕರೆದರು. “ಚಿತ್ರ ಸಿಗದಿದ್ರೂ ಪರವಾಗಿಲ್ಲ. ಈ ಸುದ್ದಿ ಹೊರಗೆ ಹೋದ್ರೆ ನನ್ನ ಕಣ್ಣನ್ನ ಇನ್ಯಾರು ನಂಬ್ತಾರೆ?”

ಬೀಗ ಒಡೆದಿರಲಿಲ್ಲ, ಅಲಾರಂ ಕೂಗಿರಲಿಲ್ಲ. ಶಿವಪ್ರಕಾಶ್ ಚೌಕಟ್ಟನ್ನು ತಿರುಗಿಸಿದರು. ಹಿಂಬದಿಯ ಮೊಳೆಗಳು ಹೊಸವು.

“ಇದು ಹೊರಗೆ ಹೋಗಿತ್ತಾ?”

“ಫ್ರೇಮಿನ ಮೂಲೆ ಬಿಟ್ಕೊಂಡಿತ್ತು. ಅಕ್ಟೋಬರ್ ಇಪ್ಪತ್ತಕ್ಕೆ ನಮ್ಮ ಫ್ರೇಮ್ ಮಾಡೋ ವಿರುಪಾಕ್ಷಪ್ಪ ಒಯ್ದು, ನಾಲ್ಕೇ ದಿನದಲ್ಲಿ ತಂದ.”

“ತಂದಮೇಲೆ ನೋಡಿದ್ರಾ?”

“ಮೂಲೆ ನೋಡಿದೆ.”

ಮಧ್ಯಾಹ್ನ ಎರಡೂಕಾಲಿಗೆ ಶಿವಪ್ರಕಾಶ್, ಲಾಸ್ಯಾ ಇಬ್ಬರೂ ಸ್ಯಾನ್ ಹೋಸೆಯ ಎವರ್‌ಗ್ರೀನ್ ತಲುಪಿದರು. ಹಾಸನ ಕಡೆಯ ವಿರುಪಾಕ್ಷಪ್ಪ ಗರಾಜಿನಲ್ಲೇ ಕೆಲಸ ಮಾಡುತ್ತಿದ್ದ. ಹಿತ್ತಲಿನ ಬೇಲಿಯ ಮೇಲೆ ಅವರೆ ಬಳ್ಳಿ ಹಬ್ಬಿತ್ತು. ಶಿವಪ್ರಕಾಶ್ ತಾವು ತಂದಿದ್ದ ಫೋಟೋವನ್ನೂ ಬೇಲಿಯನ್ನೂ ನೋಡಿದರು.

“ಇದೇ ಬೇಲಿ ಅಲ್ವಾ?”

“ಹೌದು ಸಾರ್.”

“ಅಜ್ಜಿ ಯಾರು?”

“ನಮ್ಮವ್ವ, ಹುಚ್ಚಮ್ಮ. ತೀರ್ಕೊಂಡು ಎರಡು ವರ್ಷ ಆಯ್ತು.”

“ಡಚ್ ಚಿತ್ರ?”

ವಿರುಪಾಕ್ಷಪ್ಪ ಕಪಾಟಿನಿಂದ ಅದನ್ನು ಇಳಿಸಿದ. ಎರಡು ಕೌದಿಗಳಲ್ಲಿ ಸುತ್ತಿಟ್ಟಿದ್ದ, ಒಂದು ಗೀರೂ ಬಿದ್ದಿರಲಿಲ್ಲ.

“ಯು ಕುಡ್ ಹ್ಯಾವ್ ಸೋಲ್ಡ್ ಇಟ್,” ಎಂದಳು ಲಾಸ್ಯಾ.

“ಅಯ್ಯೋ, ನಂಗೆ ಚಿತ್ರ ಬೇಕಿರ್ಲಿಲ್ಲಮ್ಮ. ಗೋಡೆ ಬೇಕಿತ್ತು.”

ಮೂರು ಗಂಟೆ ಐದು ನಿಮಿಷಕ್ಕೆ ಬಂಧನ. ಕೋಳ ತೊಡಿಸುವಾಗಲೂ ಆತ ಚಿತ್ರ ಎತ್ತಿಕೊಂಡ ಲಾಸ್ಯಾಗೆ ಹೇಳುತ್ತಲೇ ಇದ್ದ: “ಬಣ್ಣ ಮುಟ್ಟಬೇಡಮ್ಮ, ಎರಡೂ ಪಕ್ಕ ಹಿಡಿ. ಬಿಸಿಲಿಗೆ ಇಡಬೇಡ.”

ಠಾಣೆಯಲ್ಲಿ ಶಿವಪ್ರಕಾಶ್ ಕಾರಣ ಕೇಳಿದರು.

“ಇಪ್ಪತ್ತೆರಡು ವರ್ಷ ಕಂಡೋರ ಮನೆ ಗೋಡೆಗೆ ಚಿತ್ರ ಹಾಕಿದೀನಿ ಸಾರ್. ಅಲ್ಲಿ ಜನ ಕೈ ಕಟ್ಕೊಂಡು, ಮಾತಿಲ್ದೆ ನೋಡ್ತಾರೆ. ಅವ್ವನ್ನ ಹಂಗೆ ಯಾರೂ ನೋಡ್ಲಿಲ್ಲ. ಜೊತೇಲಿದ್ದ ನಾನೂ ನೋಡ್ಲಿಲ್ಲ.”

“ಅಲ್ಲಿ ಜನ ನೋಡಿದ್ರಾ?”

“ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ, ಲೈಟ್ ಸರಿಮಾಡೋ ನೆಪ ಹೇಳಿ ಹೋಗಿದ್ದೆ. ದ್ವಾರಕಾನಾಥ್ ಸಾರು ಎಲ್ಲರನ್ನೂ ನಿಲ್ಸಿ ಅವ್ವನ ಕೈ ತೋರಿಸಿದ್ರು. ಈ ಬೆರಳು ಜೀವಮಾನವೆಲ್ಲ ಬೇರೆಯವರಿಗೆ ಉಣ್ಣಕ್ಕಿಟ್ಟ ಬೆರಳು, ದಣಿವನ್ನ ತೋರಿಸ್ಕೊಳ್ಳದ ಬೆರಳು, ಅಂತ ಹತ್ತು ನಿಮಿಷ ಹೇಳಿದ್ರು.”

ವಿರುಪಾಕ್ಷಪ್ಪ ತಲೆ ತಗ್ಗಿಸಿದ.

“ಹೇಳಿದ್ದೆಲ್ಲ ನಿಜ ಸಾರ್.”