ಇಲ್ಲದ ಅತ್ತೆಯ ಮಗಳು

ಅಳಬಾರದು... ಇಷ್ಟು ಮಂದಿ ಓಡಾಡುವ ರಸ್ತೆಯಲ್ಲಂತೂ ಅಳಲೇಬಾರದು!

ಆಳಂದ ಬಸ್ ನಿಲ್ದಾಣದ ಎದುರಿಗೆ, ಕೈಯಲ್ಲೊಂದು ಹೆಗಲಲ್ಲೊಂದು ಬ್ಯಾಗು ಹೊತ್ತು ನಿಂತಿದ್ದ ಬಸವೇಶ್ವರಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೆಳಿಗ್ಗೆ ಇಜೇರಿಯಿಂದ ಹೊರಡುವಾಗ ಆಕೆ ಟೀಚರ್ ಆಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಏನೂ ಆಗಿರಲಿಲ್ಲ. ಫೋನಿನಲ್ಲಿ ಕೆಲಸ ಪಕ್ಕಾ ಎಂದಿದ್ದ ಖಾಸಗಿ ಶಾಲೆಯವರು, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತಮ್ಮ ಎಂದು ಚಹಾ ಕುಡಿಸಿ ಕಳಿಸಿದ್ದರು. ಚಹಾ ಮಾತ್ರ ಚೆನ್ನಾಗಿತ್ತು.

ವಾಪಸ್ ಹೋಗಬಹುದಿತ್ತು. ಬಸ್ಸು ಎದುರಿಗೇ ನಿಂತಿತ್ತು. ಆದರೆ ಅಣ್ಣ ಮಲ್ಲಣ್ಣ ಹೊರಡುವಾಗಲೇ ಹೇಳಿದ್ದ... ನಿನ್ನ ಕಾಲ ಮೇಲೆ ನಿಂತು ತೋರಿಸು, ನಾನು ತುಟಿ ಪಿಟ್ಟೆನ್ನುವುದಿಲ್ಲ. ನಿಲ್ಲಲಾಗಲಿಲ್ಲವೋ, ಬಂದು ನಾನು ತೋರಿಸಿದವನಿಗೆ ಕೊರಳೊಡ್ಡು. ಈಗ ಬಸ್ಸು ಹತ್ತುವುದೆಂದರೆ ಆ ಮಾತಿಗೆ ತಲೆಯಾಡಿಸಿದಂತೆ.

ರಸ್ತೆಯ ಆಚೆ ಒಂದು ಗ್ಯಾರೇಜು. ಮುಂದೆ ಹಳೆಯ ಸ್ಕೂಟಿಗಳ ಸಾಲು. ಅಲ್ಲೊಬ್ಬ ಯುವಕ ಎಣ್ಣೆ ಮೆತ್ತಿದ ಕೈಯನ್ನು ಅರಿವೆಗೆ ಒರೆಸುತ್ತಾ ಆಕೆಯನ್ನೇ ನೋಡುತ್ತಿದ್ದ. ನೋಡುತ್ತಿದ್ದ ಎಂದರೆ ಅಂಥ ನೋಟವಲ್ಲ ಮತ್ತೆ! ತುಂಬಿದ ಕಣ್ಣನ್ನು ತುಳುಕಿಸದೆ, ಗದ್ದ ಮೇಲೆತ್ತಿ ನಿಂತ ಆ ಹುಡುಗಿಯನ್ನು ಕಂಡು ಅವನ ಕೈ ಒರೆಸಿದ್ದನ್ನೇ ಒರೆಸುತ್ತಿತ್ತು.

ಆಕೆ ನೇರ ಅವನ ಬಳಿಗೇ ಬಂದಳು.

"ಅಣ್ಣಾರ, ಇಲ್ಲಿ ಬಾಡಿಗಿಗೆ ಒಂದು ಖೋಲಿ ಸಿಗ್ತದೇನ್ರಿ?"

ಊರಿನ ಎಷ್ಟೋ ಹೆಣ್ಣುಮಕ್ಕಳಿಂದ ಅಣ್ಣಾ ಎನ್ನಿಸಿಕೊಂಡಿದ್ದ ಗುರುಶಾಂತನಿಗೆ ಆ ಮಾತು ಮೊದಲ ಸಲ ಬೇಡವೆನಿಸಿತು. ಪಾಪ, ಏಕೆಂದು ಅವನಿಗೂ ತಿಳಿಯಲಿಲ್ಲ.

ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಗಂಗಾಬಾಯಿಯ ಮನೆ. ಗಂಡ ತೀರಿಕೊಂಡ ಮೇಲೆ ಅಂಗಳದ ಖೋಲಿಯನ್ನು ಬಾಡಿಗೆಗೆ ಕೊಡುತ್ತಿದ್ದ ಮುದುಕಿ. ಬಂದ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಊರು ಯಾವುದು, ಕೆಲಸ ಏನು, ಲಗ್ನ ಆಗಿದೆಯೇ ಎಂದು ಕೇಳಿದಳು. ಊರು ದೂರದ್ದು, ಕೆಲಸ ಇಲ್ಲ, ಲಗ್ನವೂ ಇಲ್ಲ. ಒಂಟಿ ಹುಡುಗಿಗೆ ಖೋಲಿ ಕೊಟ್ಟು ಓಣಿಗೆಲ್ಲ ಉತ್ತರ ಹೇಳುವ ವಯಸ್ಸು ತನ್ನದಲ್ಲ ಎಂದು ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದಳು.

ಬಸವೇಶ್ವರಿ ಅಂಗಳ ದಾಟಿ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಗುರುಶಾಂತ ಹೊಸ್ತಿಲಲ್ಲೇ ಉಳಿದ.

"ಹೊರಗಿನಾಕಿ ಅಲ್ಲರಿ ಆಯಿ. ನಮ್ಮಾಕೀನ ಅದಾಳ."

"ನಿಮ್ಮಾಕಿ ಅಂದ್ರ?"

ಅವನು ಒಂದು ಕ್ಷಣ ತಡವರಿಸಿದ. "ನಮ್ಮ ಸೋದರತ್ತಿ ಮಗಳು."

ಗಂಗಾಬಾಯಿ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟಳು.

ನಮ್ಮ ಕಡೆ ಸೋದರತ್ತೆಯ ಮಗಳೆಂದರೆ ಏನೆಂದು ಬಿಡಿಸಿ ಹೇಳಬೇಕೇ? ತೊಟ್ಟಿಲಲ್ಲಿರುವಾಗಲೇ 'ನಿನ್ನ ಹೆಂಡ್ತಿ ನೋಡಲೇ' ಎಂದು ತೋರಿಸಿ ನಗುವ ಸಂಬಂಧ ಅದು! ಬೇವಿನ ನೆರಳಲ್ಲಿ ನಿಂತವಳಿಗೆ ಮಾತ್ರ ಇದೊಂದೂ ಕೇಳಿಸಲಿಲ್ಲ. ಅದೇನು ಹೇಳಿ ಒಪ್ಪಿಸಿದಿರಿ ಎಂದು ಕೇಳಿದ್ದಕ್ಕೆ, ಗುರುತಿನವರು ಅಂತ ಹೇಳಿದೆ ಎಂದು ಅವನು ಬ್ಯಾಗು ಎತ್ತಿಕೊಂಡ.

ಖೋಲಿ ಸಿಕ್ಕಿತು. ಊರು ಸಿಗಬೇಕಲ್ಲ?

ಬಟ್ಟೆ ಅಂಗಡಿ, ಕಂಪ್ಯೂಟರ್ ಸೆಂಟರ್, ಟ್ಯೂಷನ್ನು... ಬಸವೇಶ್ವರಿ ಹತ್ತದ ಮೆಟ್ಟಿಲಿಲ್ಲ. ಎಲ್ಲರೂ ಸಭ್ಯರೇ, ಎಲ್ಲರೂ ಕೂರಿಸಿ ಮಾತಾಡಿಸಿದವರೇ. ಕೊನೆಗೆ ಕೇಳುತ್ತಿದ್ದುದು ಮಾತ್ರ ಒಂದೇ, ನಿಮ್ಮನ್ನು ಬಲ್ಲವರು ಈ ಊರಲ್ಲಿ ಯಾರು? ಯಾರನ್ನೂ ಬಲ್ಲದೆ ಕೆಲಸ ಸಿಗದು, ಕೆಲಸವಿಲ್ಲದೆ ಯಾರೂ ಬಲ್ಲವರಾಗರು. ಆಕೆಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಗ್ಯಾರೇಜಿಗೆ ಖುರ್ಷಿದ ಬಂದಳು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಅಂಗನವಾಡಿ ನಡೆಸುವಾಕೆ. ಆಸೆಪಟ್ಟು ಗುರುಶಾಂತನಲ್ಲೇ ಹಳೆಯ ಸ್ಕೂಟಿ ಕೊಂಡಿದ್ದಳು. ಕಲಿಸುತ್ತೇನೆಂದು ಹಿಂದೆ ಕೂತ ಗಂಡ ರಸ್ತೆ ನೋಡುವುದು ಬಿಟ್ಟು ಅವಳ ಮೇಲೇ ಕಣ್ಣು ಕೆಂಪಾಗಿಸಿ, ಕೂಗಾಡಿ, ಕೊನೆಗೆ ಇಬ್ಬರೂ ಜಾಲಿಕಂಟಿಯೊಳಗೆ ಬಿದ್ದು ಎದ್ದಿದ್ದರು. ಗಾಡಿ ವಾಪಸ್ ತಗೋರಿ, ನನ್ನ ಕೈಲಾಗದು ಎಂದು ಆಕೆ ಗುರುಶಾಂತನ ಮುಂದೆ ಕಣ್ಣೀರಾದಳು.

ಅಲ್ಲೇ ಇದ್ದ ಬಸವೇಶ್ವರಿ ಅಂದಳು, "ಒಂದು ಮುಂಜಾನೆ ನನ್ನ ಕೂಡ ಬರ್ರಿ ಆಪಾ. ಬರಲಿಲ್ಲಂದ್ರ ಆಮ್ಯಾಲ ಮಾರ್ರಿ."

ಇಜೇರಿಯಲ್ಲಿ ಅಣ್ಣನ ಸ್ಕೂಟಿಯನ್ನು ಹೊಲದ ದಾರಿಯಲ್ಲೆಲ್ಲ ಓಡಿಸಿದವಳು ಆಕೆ. ಅದೂ ಒಂದು ವಿದ್ಯೆಯೆಂದು ಆವರೆಗೆ ಹೊಳೆದೇ ಇರಲಿಲ್ಲ!

ಆ ಚಳಿಗಾಲದ ಮುಂಜಾವುಗಳನ್ನು ಬಸವೇಶ್ವರಿ ಹೇಗೆ ಮರೆತಾಳು? ಊರಾಚೆಯ ಬಯಲಿನಲ್ಲಿ ಮಂಜು ಮೊಣಕಾಲ ಮಟ್ಟ ನಿಂತಿರುತ್ತಿತ್ತು. ದೂರದ ರಸ್ತೆಯಲ್ಲಿ ಭೂಸನೂರಿನ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಗುತ್ತಿದ್ದವು. ಮಂಜಿನೊಳಗೆ ಖುರ್ಷಿದಳ ಸ್ಕೂಟಿಯ ದೀಪ ಹಳದಿಯಾಗಿ ತೇಲುತ್ತಾ ಹೋಗುತ್ತಿತ್ತು, ಹಿಂದೆ ಬಸವೇಶ್ವರಿ ಓಡುತ್ತಿದ್ದಳು. ಕೂಗುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಹೆದರಬ್ಯಾಡ್ರಿ, ನಾ ಅದೀನಿ ಎನ್ನುವುದಷ್ಟೇ ಅವಳ ಪಾಠ.

ಖುರ್ಷಿದ ಕಲಿತಳು. ಮರುವಾರ ನಾದಿನಿಯನ್ನು ಕರೆತಂದಳು. ನಾದಿನಿ ಜೊತೆಗೆ ಒಬ್ಬ ನರ್ಸು ಬಂದಳು, ನರ್ಸಿನ ಹಿಂದೆ ಕಿರಾಣಿ ಅಂಗಡಿಯ ಸೊಸೆ. ಪೇಟೆಯಲ್ಲಿ ಈಗ ಬಸವೇಶ್ವರಿ ನಡೆದರೆ ಹೆಜ್ಜೆಗೊಬ್ಬರು ನಿಲ್ಲಿಸಿ, ಚಹಾ ಕುಡದು ಹೋಗ್ರಿ ಟೀಚರ್ ಎನ್ನುತ್ತಿದ್ದರು. ಟೀಚರ್! ಆ ಪದ ಕಿವಿಗೆ ಬಿದ್ದಾಗಲೆಲ್ಲ ಆಕೆಯ ಎದೆ ಉಬ್ಬುತ್ತಿತ್ತು. 'ನಿಂತೆ ಅಣ್ಣಾ... ನನ್ನ ಕಾಲ ಮೇಲೆ ನಾನು ನಿಂತೆ.'

ಮತ್ತೆ ಗುರುಶಾಂತ? ಕಲಿಸಲೆಂದು ಒಂದು ಹಳೆಯ ಸ್ಕೂಟಿ ಕೊಟ್ಟಿದ್ದ. ಬ್ರೇಕ್ ನೋಡಬೇಕಿತ್ತು ಎಂದು ಹೊತ್ತು ಮೂಡುವ ಮೊದಲೇ ಬಯಲಿಗೆ ಬರುತ್ತಿದ್ದ. ಬ್ರೇಕಿಗೆ ಏನೂ ಆಗಿರುತ್ತಿರಲಿಲ್ಲ. ಥರ್ಮಾಸಿನಲ್ಲಿ ಚಹಾ ಇರುತ್ತಿತ್ತು. ಹೆಚ್ಚು ಮಾತಿಲ್ಲ ಅವನದು. ಮಂಜು ಕರಗಿ ಬಿಸಿಲು ಬರುವಾಗ ಅವಳು ನಕ್ಕರೆ ಅವನು ಬೇರೆ ಕಡೆ ನೋಡುತ್ತಿದ್ದ, ಅವನು ಬೇರೆ ಕಡೆ ನೋಡುವಾಗ ಅವಳು ಅವನನ್ನು ನೋಡುತ್ತಿದ್ದಳು.

'ಇದು ಪ್ರೀತಿಯೇ?' ಆಕೆ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು!

ಖುರ್ಷಿದ ಮೊದಲ ಸಲ ಒಬ್ಬಳೇ ಕಿಣ್ಣಿ ಸುಲ್ತಾನಕ್ಕೆ ಹೋಗಿ ಬಂದ ದಿನ ಪೇಢೆ ತಂದಳು. ಬಾಯಿ ಸಿಹಿಮಾಡಿ ಕಣ್ಣು ಮಿಟುಕಿಸಿದಳು. "ನಮ್ದು ಆತು, ಇನ್ನ ನಿಮ್ಮ ಪೇಢೆ ಯಾವಾಗ್ರಿ? ಗುರುಶಾಂತಣ್ಣನ ಸೋದರತ್ತಿ ಮಗಳಲ್ಲೇನು ನೀವು? ಊರಿಗೆಲ್ಲ ಗೊತ್ತದ."

ಬಸವೇಶ್ವರಿ ಪೇಢೆಯ ಉಳಿದ ಅರ್ಧವನ್ನು ಕೆಳಗಿಟ್ಟಳು.

ಹಾಗಾದರೆ ಈ ಚಹಾ, ಈ ನಗು, ಟೀಚರ್ ಎನ್ನುವ ಈ ಮಾತು... ಎಲ್ಲ ಅವನ ಹೆಂಡತಿ ಆಗುವಾಕೆಗೋ? ತಾನು ನಿಂತಿದ್ದೇನೆ ಅಂದುಕೊಂಡಿದ್ದು ಯಾರ ಕಾಲ ಮೇಲೆ?

ನೇರ ಗ್ಯಾರೇಜಿಗೆ ನಡೆದಳು. ಹೀಗೆ ಹೇಳಿದ್ದು ಹೌದೇ ಎಂದು ಕೇಳಿದಳು. ಹೌದು ಎಂದ. ಏಕೆ ಎಂದಳು. ಗುರುಶಾಂತ ಅರಿವೆ ತೆಗೆದುಕೊಂಡು ಒರೆಸಿದ ಕೈಯನ್ನೇ ಒರೆಸತೊಡಗಿದ.

"ನಿಮಗ ಖೋಲಿ ಸಿಗಲಿ ಅಂತ," ಎಂದ.

ಅಷ್ಟೇ! ಒಂದು ಖೋಲಿಗಾಗಿ! ಅವನು ತನ್ನನ್ನು ಬಯಸಿ ಆ ಮಾತು ಹೇಳಿದ್ದರೆ ಆಕೆ ಸಿಟ್ಟಾಗುತ್ತಿದ್ದಳೇನೋ, ಇಷ್ಟು ನೋಯುತ್ತಿರಲಿಲ್ಲ. ಕರುಣೆಗೆ ಹೇಳಿದ ಸುಳ್ಳನ್ನು ನಂಬಿ ಊರು ಅವಳನ್ನು ಒಳಗೆ ಬಿಟ್ಟುಕೊಂಡಿತ್ತು. ಅವಳೋ, ಮಂಜಿನಲ್ಲಿ ನಿಂತು ಏನೇನೋ ಕನಸು ಕಂಡಿದ್ದಳು.

ಖೋಲಿಗೆ ಬಂದು ಬ್ಯಾಗು ತುಂಬತೊಡಗಿದಳು. ನಾಳೆ ಮೊದಲ ಬಸ್ಸಿಗೆ ಬರುತ್ತೇನೆಂದು ಅಣ್ಣನಿಗೆ ಫೋನ್ ಮಾಡಿದಳು. ಬಾಗಿಲಲ್ಲಿ ಗಂಗಾಬಾಯಿ ಬಂದು ನಿಂತಿದ್ದಳು.

"ಆಯಿ, ನಿಮಗ ಮೋಸ ಆಗ್ಯದ. ನಾ ಅವರ ಅತ್ತಿ ಮಗಳಲ್ಲ. ಖುರ್ಷಿದ ಆಪಾ ಅಂದ ಮ್ಯಾಲ ನನಗೂ ಈ ಮಾತು ಗೊತ್ತಾತು."

ಗಂಗಾಬಾಯಿ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಮೈ ಕುಲುಕಿಸಿ ನಕ್ಕಳು.

"ಅಯ್ಯ ಹುಚ್ಚಿ, ಅದು ನನಗ ಅವತ್ತ ಗೊತ್ತಿತ್ತು. ಅವರಪ್ಪಗ ಅಕ್ಕ ತಂಗೇರು ಎಲ್ಲಿ ಅದಾರ? ಅವರಜ್ಜಿ ಒಂದು ಹೆಣ್ಣು ಬೇಕಂತ ಕಂಡಕಂಡ ದೇವರಿಗೆ ಹರಕಿ ಹೊತ್ತು, ಆರೂ ಗಂಡ ಹಡದಳು. ಈ ಊರಾಗ ಯಾರಿಗೆ ಗೊತ್ತಿಲ್ಲ ಅದು? ಖುರ್ಷಿದನೂ ನಿನಗ ಚ್ಯಾಷ್ಟಿ ಮಾಡಿ ನಕ್ಕಾಳ."

ಬಸವೇಶ್ವರಿಯ ಕೈಯಲ್ಲಿದ್ದ ಸೀರೆ ಜಾರಿತು. "ಮತ್ತ ಖೋಲಿ ಯಾಕ ಕೊಟ್ಟ್ರಿ?"

ಸುಳ್ಳೆಂದರೇನೆಂದು ತಿಳಿಯದ ಹುಡುಗ ಕಿವಿಯವರೆಗೆ ಕೆಂಪಾಗಿ ಅಂಥ ಸುಳ್ಳು ಹೇಳಿದಾಗ, ಬೇವಿನ ಕೆಳಗೆ ನಿಂತವಳು ಸಾಮಾನ್ಯದವಳಲ್ಲ ಎನಿಸಿತಂತೆ ಮುದುಕಿಗೆ. ಇನ್ನು ಕಲಿಯಲು ಬಂದವರೂ ಅವನ ಮುಖ ನೋಡಿಯೇ ಬಂದರೇನೋ ಎಂದು ಬಸವೇಶ್ವರಿ ಅಂದಿದ್ದಕ್ಕೆ ಗಂಗಾಬಾಯಿ ಗದರಿಯೇ ಬಿಟ್ಟಳು. ಬಿದ್ದರೆ ಮುರಿಯುವುದು ತಮ್ಮ ತಮ್ಮ ಕಾಲೇ, ಯಾರದೋ ಅತ್ತೆಯ ಮಗಳೆಂದು ಯಾವ ಹೆಂಗಸೂ ಗಾಡಿ ಹತ್ತುವುದಿಲ್ಲ. ಬಯ್ಯದೆ ಕಲಿಸುವ ಬಾಯಿ ನೋಡಿ ಬಂದರು. ನಾನೂ ಒಮ್ಮೆ ಹತ್ತಿ ನೋಡಬೇಕೆಂದಿದ್ದೆ, ಈಗ ನೋಡಿದರೆ ಇವಳ ಸವಾರಿ ಹೊರಟಿದೆ ಎಂದು ಮೂತಿ ತಿರುವಿದಳು.

ಏಳುವಾಗ ಅಂದಳು, "ನೂರು ಸುಳ್ಳು ಹೇಳಿ ಒಂದು ಲಗ್ನ ಮಾಡ್ಬೇಕಂತಾರ. ಪಾಪ, ಆ ಹುಡುಗ ಒಂದ ಹೇಳ್ಯಾನ."

ಮರುದಿನ ಬೆಳಗಾಗುವಾಗ ಬಯಲಿನ ತುಂಬ ಮಂಜು. ಕಲಿಯುವವರು ಇನ್ನೂ ಬಂದಿರಲಿಲ್ಲ. ಹಳೆಯ ಸ್ಕೂಟಿಯ ಪಕ್ಕ ಗುರುಶಾಂತ ನೆಲದ ಮೇಲೆ ಕೂತಿದ್ದ. ಆಕೆ ಮೊದಲ ಬಸ್ಸಿಗೆ ಹೊರಟಳೆಂದು ಗಂಗಾಬಾಯಿ ಹೇಳಿದ್ದಳು. ಇಡೀ ಊರೇ ಖಾಲಿಯಾದಂತೆ ಅವನ ಮುಖ. ಮಂಜಿನೊಳಗಿಂದ ಆಕೆ ನಡೆದು ಬಂದಾಗ ಅವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಬರಲಿಲ್ಲ.

"ಬಸ್ಸು ಹೋತಲ್ರಿ," ಎಂದ.

"ಹೋಗಲಿ."

ಆಕೆ ಎದುರಿಗೆ ಕೂತಳು. ಇದೊಂದು ಮಾತು ಕೇಳದೆ ಇದ್ದರೆ ಇಜೇರಿಗೂ ಸಲ್ಲಳು, ಆಳಂದಕ್ಕೂ ಸಲ್ಲಳು.

"ನಿಮಗ ಸೋದರತ್ತಿ ಇಲ್ಲ. ನಿಮ್ಮಪ್ಪನ ಬೆನ್ನಿಗೆ ಬಿದ್ದ ಕಾಕಾಗೋಳು ಭಾಳ ಮಂದಿ ಅದಾರ. ಕಾಕಾನ ಮಗಳು ಅಂತಂದಿದ್ರ ಖೋಲಿನೂ ಸಿಗ್ತಿತ್ತು, ಯಾರೂ ಲಗ್ನದ ಮಾತೂ ಎತ್ತತಿದ್ದಿಲ್ಲ. ಹಂಗ್ಯಾಕ ಅನ್ನಲಿಲ್ಲ?"

ಗುರುಶಾಂತ ತಲೆ ತಗ್ಗಿಸಿದ.

"ಬಾಯಿತನಕ ಬಂದಿತ್ತ್ರಿ. ಆದ್ರ ಹಂಗಂದ್ರ... ನೀವು ನನಗ ತಂಗಿ ಆಗ್ತಿದ್ರಿ. ಆ ಸುಳ್ಳು ಹೇಳಾಕ ನನ್ನ ಕೈಲೆ ಆಗಲಿಲ್ಲ."

ಊರಿಗೆ ಬಂದ ಮೊದಲ ದಿನದಿಂದ ತಡೆದಿಟ್ಟ ಕಣ್ಣೀರೆಲ್ಲ ಆಗ ಹರಿಯಿತು. ಬಸವೇಶ್ವರಿ ಒರೆಸಿಕೊಳ್ಳಲಿಲ್ಲ. ಎಣ್ಣೆಯ ಕಲೆಯಿದ್ದ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅವನು ಈ ಸಲ ಬೇರೆ ಕಡೆ ನೋಡಲಿಲ್ಲ.

"ಇಜೇರಿಗೆ ಬರ್ರಿ," ಎಂದಳು ಮೆಲ್ಲಗೆ. "ನಮ್ಮಣ್ಣನ ಮುಂದ ಮಾತ್ರ ಸುಳ್ಳು ಹೇಳಬ್ಯಾಡ್ರಿ."

"ಏನಂತ ಹೇಳಲಿ?"

"ಇದ್ದದ್ದು ಇದ್ದಂಗ ಹೇಳ್ರಿ. ನಿಮಗ ಸೋದರತ್ತಿ ಇಲ್ಲ..." ಆಕೆ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. "ಆದ್ರ ಸೋದರತ್ತಿ ಮಗಳು ಬೇಕಂತ."